ಬಿಳಿ ಪಟ್ಟಿಯ ಮೇಲಿನ ಚುಕ್ಕೆ

ದೀಪ ಹೊರಟಿತು. ಸ್ಕ್ಯಾನರಿನ ಮುಚ್ಚಳದ ಸಂದಿಯಲ್ಲಿ ಬೆಳ್ಳಗೆ, ದಾರದಷ್ಟು ದಪ್ಪಗೆ, ಅವಸರವಿಲ್ಲದೆ ನಡೆಯುತ್ತಿದೆ, ಒಳಗೆ ಯಾರೋ ಲಾಟೀನು ಹಿಡಿದು ಕೋಣೆಯಿಂದ ಕೋಣೆಗೆ ಹೋಗುತ್ತಿರುವ ಹಾಗೆ — ಅವತ್ತೂ ಹೀಗೇ ಹೊರಟಿತ್ತು, ಚಳಿ ಬಿಡುವುದಕ್ಕೆ ಇನ್ನೂ ಹದಿನೈದು ದಿನ ಇತ್ತು, ಬೆಳಗ್ಗೆ ಹತ್ತಕ್ಕೆ ಐದು ನಿಮಿಷ ಕಡಿಮೆ, ರಸ್ತೆ ಕಡೆಯ ಶಟರನ್ನು ಅರ್ಧ ಮಾತ್ರ ಎತ್ತಿದ್ದೆ, ಬರಿಗಾಲಿಗೆ ನೆಲ ಕೊರೆಯುತ್ತಿತ್ತು, ಬಸ್ ಕಂಡಕ್ಟರೊಬ್ಬರು ಅಪ್ಪ ಅಮ್ಮನ ಫೋಟೋ ದೊಡ್ಡದು ಮಾಡಿಕೊಡಿ ಎಂದು ಕೊಟ್ಟು ಹೋಗಿದ್ದರು, ಅಂಗೈಯಗಲದ ಚಿತ್ರ, ಒಂದು ಮೂಲೆ ಇಲಿ ತಿಂದಿತ್ತು, ಗಾಜಿನ ಮೇಲೆ ಮಗುಚಿ ಹಾಕಿ ಗುಂಡಿ ಒತ್ತಿದೆ, ಕಾಗದ ಹೊರಬಂತು, ನೋಡಿದರೆ ಆ ತಾಯಿಯ ಎಡಗಣ್ಣಿನ ಪಕ್ಕದಲ್ಲಿ ಮೇಲಿಂದ ಕೆಳಗೆ ಒಂದು ಬಿಳಿ ಗೆರೆ. ಕೂದಲೆಳೆಗಿಂತ ತೆಳು. ಬೇರೆಯವರಿಗೆ ಕಾಣುತ್ತಲೇ ಇರಲಿಲ್ಲ, ನನಗೆ ಕಂಡಿತು, ಕಾಣುವುದೇ ನನ್ನ ಕೆಲಸ, ಹದಿನೇಳನೆಯ ವಯಸ್ಸಿಗೆ ಅಕ್ಕನ ಹಿಂದೆ ಈ ಮನೆಗೆ ಬಂದವಳು, ಮುಂದೆ ಸ್ಟುಡಿಯೋ ಹಿಂದೆ ಮನೆ, ಫೋಟೋ ತೆಗೆಯುವವರು ಅಕ್ಕನ ಗಂಡ, ನಮ್ಮ ಭಾವ, ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನನ್ನು ಕಿಟಕಿಯ ಪಕ್ಕ ಕೂರಿಸಿ ಕೈಗೆ ಮೂರು ಕೂದಲಿನ ಕುಂಚ ಕೊಟ್ಟರು, ಟಚಿಂಗ್ ಕಲಿ ಎಂದರು, ಪ್ರಿಂಟಿನಲ್ಲಿ ಎಲ್ಲೆಲ್ಲಿ ದೂಳು ಕೂತು ಬಿಳಿ ಚುಕ್ಕೆ ಬಿದ್ದಿದೆಯೋ ಅಲ್ಲೆಲ್ಲ ಅಕ್ಕಪಕ್ಕದ ಬೂದಿಬಣ್ಣ ನೋಡಿ ಅದೇ ಬಣ್ಣ ತುಂಬಬೇಕು, ಕಲೆ ಕಂಡ್ರೆ ಬಾಯಲ್ಲಿ ಹೇಳ್ಬೇಡ, ಕೈಯಲ್ಲಿ ತೆಗಿ, ಗಿರಾಕಿಗೆ ಒಂದ್ಸಲ ತೋರಿಸಿಬಿಟ್ಟ ಕಲೆ ಆಮೇಲೆ ಎಷ್ಟು ಉಜ್ಜಿದ್ರೂ ಹೋಗಲ್ಲ. ಐವತ್ತು ವರ್ಷ ಅದನ್ನೇ ಮಾಡಿದ್ದೇನೆ. ಆ ಬೆಳಗ್ಗೆಯೂ ಅದನ್ನೇ ಮಾಡಿದೆ, ತುಟಿಯ ಮೇಲೆ ಕುಂಚದ ತುದಿ ಎಳೆದು, ಉಸಿರು ಬಿಗಿಹಿಡಿದು, ಗೆರೆಯನ್ನು ಹಣೆಯಿಂದ ಸೆರಗಿನ ತನಕ ಚುಕ್ಕೆ ಚುಕ್ಕೆಯಾಗಿ ತುಂಬುತ್ತ ಬಂದೆ, ಕೆನ್ನೆಯ ಹತ್ತಿರ ತಿಳಿ, ಕತ್ತಿನ ಹತ್ತಿರ ಸ್ವಲ್ಪ ಗಟ್ಟಿ, ಕಾಲು ಗಂಟೆ ಹಿಡಿಯಿತು, ಕಂಡಕ್ಟರು ಬಂದು ನೋಡಿ, ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಎರಡು ಕೈಯಲ್ಲಿ ಫೋಟೋ ಹಿಡಿದುಕೊಂಡು ಹೋದರು.

ಮರುದಿನವೂ ಗೆರೆ ಬಂತು, ಅದರ ಮರುದಿನವೂ, ಎಡ ಅಂಚಿನಿಂದ ಎರಡು ಬೆರಳು ಬಿಟ್ಟು ಅದೇ ಜಾಗದಲ್ಲಿ, ಯಾರ ಮುಖವಾದರೂ ಸರಿ, ನಾನು ತುಂಬುತ್ತಲೇ ಹೋದೆ, ಹನ್ನೊಂದು ವಾರ. ಹೇಳಬಹುದಿತ್ತು. ಮಗಳು ಪಕ್ಕದಲ್ಲೇ ಇರುತ್ತಿದ್ದಳು — ಅಕ್ಕನ ಮಗಳು, ನಾನು ಎತ್ತಿ ಆಡಿಸಿದವಳು, ಅಕ್ಕ ಭಾವ ಇಬ್ಬರೂ ಹೋದ ಮೇಲೆ ಸ್ಟುಡಿಯೋ ಅವಳದು, ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಊರೆಲ್ಲ ಸುತ್ತುತ್ತಾಳೆ, ಹಳೆ ಫೋಟೋ ಸ್ಕ್ಯಾನ್ ಮಾಡುವ ಕೆಲಸ ನನಗೆ ಬಿಟ್ಟಿದ್ದಾಳೆ, ಮೂರು ಗುಂಡಿ, ಮೂರಕ್ಕೂ ಮೂರು ಬಣ್ಣದ ಚೀಟಿ ಅಂಟಿಸಿಕೊಟ್ಟಿದ್ದಾಳೆ — ಹೇಳಿದ್ದರೆ ಕೇಳುತ್ತಿದ್ದಳು, ಅದಕ್ಕೇ ಹೇಳಲಿಲ್ಲ. ಯಾಕೆಂದರೆ ಹೋದ ಮಳೆಗಾಲದಲ್ಲಿ ಯಂತ್ರ ಎರಡು ಸಲ ಮುಷ್ಕರ ಹೂಡಿದಾಗ ಅವಳು ಸೊಂಟಕ್ಕೆ ಕೈಯಿಟ್ಟು ನಿಂತು, ಚಿಕ್ಕಮ್ಮ, ಇನ್ನೊಂದ್ಸಲ ಇದು ಕೈ ಕೊಟ್ರೆ ನಾನು ರಿಪೇರಿ ಗಿಪೇರಿ ಅಂತ ಕೂರಲ್ಲ, ಕೊಟ್ಟು ಹೊಸದು ತರ್ತೀನಿ ಅಂದಿದ್ದಳು. ಹೊಸದು ಬರಲಿ, ನನಗೇನು ಹೊಟ್ಟೆಯುರಿ, ಆದರೆ ಮಾರುವವರು ತಂದು ತೋರಿಸಿದ ಹೊಸದರ ಮುಚ್ಚಳ ಎತ್ತಿ ನೋಡಿದ್ದೆ, ಒಳಗೆ ಬರೀ ಬಿಳಿ ಹಲಗೆ, ಇದರ ಮುಚ್ಚಳದೊಳಗೆ ಇನ್ನೊಂದು ದೀಪ ಇದೆ, ಮೇಲಿನಿಂದ ಬೆಳಕು ಬಿಟ್ಟು ನೆಗೆಟಿವನ್ನು ಓದುತ್ತದೆ, ಅಂಗೈಯಗಲದ ದೊಡ್ಡ ನೆಗೆಟಿವನ್ನೂ. ಭಾವನ ನೆಗೆಟಿವುಗಳೆಲ್ಲ ಅಂಥವೇ, ಹಿಂದಿನ ಕೋಣೆಯಲ್ಲಿ ನೆಲದಿಂದ ಸೂರಿನ ತನಕ ರಟ್ಟಿನ ಡಬ್ಬಿಗಳು, ನಲವತ್ತು ವರ್ಷದ ಮುಖಗಳು, ಕಾರ್ಖಾನೆ ಗೇಟಿನ ಮುಂದೆ ನಿಂತವರು, ಹೊಸ ಸೈಕಲ್ಲಿನ ಜೊತೆ ನಿಂತವರು, ಗುರುತಿನ ಚೀಟಿಗೆಂದು ಗಂಟಲಿನ ತನಕ ಗುಂಡಿ ಹಾಕಿಕೊಂಡು ಬಂದವರು. ಈ ಯಂತ್ರ ಹೋದರೆ ಆಮೇಲೆ ಅವರನ್ನು ನೋಡುವ ಕಣ್ಣು ಈ ಮನೆಯಲ್ಲಿ ಇರುವುದಿಲ್ಲ. ಯಾರು ಕೇಳ್ತಾರೆ ಚಿಕ್ಕಮ್ಮ ನೆಗೆಟಿವ್‌ನ, ವರ್ಷಕ್ಕೆ ಇಬ್ಬರು ಬಂದ್ರೆ ಹೆಚ್ಚು. ನಿಜವೇ. ಅವಳ ಮಾತು ಯಾವತ್ತೂ ನಿಜವೇ ಇರುತ್ತದೆ, ಅದೇ ತೊಂದರೆ. ಹಾಗಾಗಿ ನಾನು ಗೆರೆ ತುಂಬುತ್ತಿದ್ದೆ, ಮನೆಯಲ್ಲಿ ಜ್ವರ ಬಂದ ಮುದುಕನನ್ನು ನೆಂಟರ ಮುಂದೆ ಗಟ್ಟಿಮುಟ್ಟಾಗಿದ್ದಾರೆ ಎಂದು ತೋರಿಸಲು ಶರ್ಟು ಇಸ್ತ್ರಿ ಮಾಡಿ ಕೂರಿಸುವ ಹಾಗೆ.

ಆ ಮಂಗಳವಾರ ನಿವೃತ್ತ ಹೆಡ್ಮಿಸ್ಸು ಬರದಿದ್ದರೆ ಇನ್ನೂ ತುಂಬುತ್ತಲೇ ಇರುತ್ತಿದ್ದೆನೇನೋ. ಎಲ್ಲರೂ ಕಾಗದದ ಮೇಲಿನ ಫೋಟೋ ಒಯ್ಯುವವರು, ಆಕೆ ಮಾತ್ರ ಮನೆಯ ಆಲ್ಬಮ್ಮು ಪೂರ್ತಿ ಪೆನ್‌ಡ್ರೈವಿಗೆ ಹಾಕಿಸಿಕೊಂಡಿದ್ದರು, ಪೆನ್‌ಡ್ರೈವಿನೊಳಗೆ ಕುಂಚ ಹೋಗುತ್ತದೆಯೇ, ನನಗೆ ಹೊಳೆದೇ ಇರಲಿಲ್ಲ, ಮೂರನೇ ಕ್ಲಾಸಿನ ಬುದ್ಧಿ. ಬಾಗಿಲಲ್ಲೇ ನಿಂತು ಕನ್ನಡಕ ಮೂಗಿನ ತುದಿಗೆ ಇಳಿಸಿ — ಏನಮ್ಮಾ, ನಮ್ಮ ಮನೆಯವರಿಗೆಲ್ಲ ಕೆನ್ನೆ ಮೇಲೆ ಗೆರೆ ಎಳೆದು ಕಳಿಸಿದೀರಲ್ಲ, ತಪ್ಪು ಉತ್ತರ ಅಂತ ಹೊಡೆದು ಹಾಕಿದ ಹಾಗೆ. ಮಗಳು ಕಂಪ್ಯೂಟರಿಗೆ ಸಿಕ್ಕಿಸಿ ದೊಡ್ಡದು ಮಾಡಿ ನೋಡಿದಳು. ಒಂದಾದ ಮೇಲೆ ಒಂದು, ಮಗು, ಮದುಮಗಳು, ಕುರ್ಚಿಯಲ್ಲಿ ಕೂತ ತಾತ, ಎಲ್ಲರ ಮೇಲೂ. ಮೇಡಂ, ಎಲ್ಲ ಮತ್ತೆ ಮಾಡಿಕೊಡ್ತೀನಿ, ತಪ್ಪು ನಮ್ಮದು ಅಂದಳು, ನಮ್ಮದು ಅಂದಳು, ಯಾರದು ಎಂದು ಕೇಳಲೇ ಇಲ್ಲ, ನನ್ನ ಕಡೆ ತಿರುಗಲೂ ಇಲ್ಲ, ಆ ಗುಣ ಅವಳಪ್ಪನದು. ಹೆಡ್ಮಿಸ್ಸು ಹೋದ ಮೇಲೆ ಮಾರುವವರಿಗೆ ಫೋನು ಮಾಡಿದಳು, ಶನಿವಾರ ಬರ್ತೀವಿ ಮೇಡಂ, ಹಳೇದನ್ನ ನಾವೇ ಎತ್ಕೊಂಡು ಹೋಗ್ತೀವಿ, ಬದಲಿಗೆ ಲೆಕ್ಕ ಹಿಡ್ಕೊಳ್ತೀವಿ, ಆ ಕಡೆಯ ದನಿ ನನ್ನ ಕಿಟಕಿಯ ತನಕ ಕೇಳಿಸುತ್ತಿತ್ತು. ಕುಂಚ ತೊಳೆದೆ. ತೊಳೆದ ಕುಂಚವನ್ನೇ ಮತ್ತೆ ತೊಳೆದೆ. ಫೋನು ಇಟ್ಟವಳು ನನ್ನನ್ನು ನೋಡಿ ಏನನ್ನಿಸಿತೋ, ಶನಿವಾರಕ್ಕೆ ಇನ್ನೂ ನಾಲ್ಕು ದಿನ ಇದೆ, ಟಾರ್ಚು ಅಂಕಲ್ಲಿಗೆ ಒಂದ್ಸಲ ತೋರಿಸೋಣ ಬಿಡಿ ಅಂದಳು.

ಟಾರ್ಚು ಎಂದರೆ ಟೈಪ್‌ರೈಟರು ಗಡಿಯಾರ ರೇಡಿಯೋ ಕ್ಯಾಮೆರಾ ಯಾವುದಿದ್ದರೂ ಬಿಚ್ಚಿ ಜೋಡಿಸುವ ಮನುಷ್ಯ, ನನ್ನದೇ ವಯಸ್ಸು, ಬೆರಳುದ್ದದ ಒಂದು ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೆಲಸ ಮಾಡುತ್ತಾರೆ, ಹಾಗಾಗಿ ಊರಲ್ಲಿ ಆ ಹೆಸರು, ಕೆಲಸದ ನಡುವೆ ಏನು ಕೇಳಿದರೂ ಆಆ ಊಊ ಅಷ್ಟೇ ಉತ್ತರ. ಬುಧವಾರ ಬಂದರು. ಚಾಪೆ ಹಾಸಿ ಯಂತ್ರವನ್ನು ನೆಲದ ಮೇಲೆ ಇಳಿಸಿ ಬಿಚ್ಚಿದರು, ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದು ಹಳೆ ಪೌಡರ್ ಡಬ್ಬಿಯ ಮುಚ್ಚಳದಲ್ಲಿ ಸುತ್ತಲೂ ಇಟ್ಟರು, ನಾನು ಬಣ್ಣ ಕಲಸಿಡುವ ಹಾಗೇ, ಒಳಗಿನ ಕನ್ನಡಿ ಒರೆಸಿದರು, ಬೆಲ್ಟು ಬಿಗಿ ಮಾಡಿದರು, ಹಲ್ಲುಚಕ್ರಕ್ಕೆ ಒಂದು ತೊಟ್ಟು ಎಣ್ಣೆ, ಜೋಡಿಸಿ ಓಡಿಸಿದರು, ಗೆರೆ ಬಂತು. ಮತ್ತೆ ಬಿಚ್ಚಿದರು, ತಂತಿ ಬದಲಾಯಿಸಿದರು, ಗೆರೆ ಬಂತು. ಆಆ ಊಊ ಆಆ — ಅಂಕಲ್, ಬಾಯಿಂದ ಟಾರ್ಚು ತೆಗೆದು ಬೈಯಿರಿ, ಯಾರಿಗೆ ಬೈತಾ ಇದೀರಿ ಅಂತನಾದ್ರೂ ಗೊತ್ತಾಗ್ಲಿ ಅಂದಳು ಮಗಳು, ಅವರು ಟಾರ್ಚು ತೆಗೆದು ನಕ್ಕು, ಬೈತಿಲ್ಲ ಮಗಳೇ, ಹೊಗಳ್ತಾ ಇದೀನಿ, ನೋಡು ಇದನ್ನ ಮಾಡಿದವನು ಒಂದು ಸ್ಕ್ರೂನೂ ಸುಮ್ಮನೆ ಹಾಕಿಲ್ಲ. ಚಾ ಕೊಟ್ಟೆ. ಲೋಟ ಹಿಡಿದ ಕೈ ನಡುಗುತ್ತಿತ್ತು, ಎರಡೂ ಕೈ, ಚಾ ತಟ್ಟೆಗೆ ಚೆಲ್ಲಿತು, ಕಂಡರೂ ಕಾಣದ ಹಾಗೆ ಇದ್ದೆ, ಅವರೇ ಹೇಳಿದರು, ಎರಡು ವರ್ಷ ಆಯ್ತು ಅಕ್ಕಾ, ಗಡಿಯಾರ ಮುಟ್ಟೋದು ಬಿಟ್ಟಿದೀನಿ, ಅಂಗಡಿನೂ ಬಿಟ್ಟುಕೊಡ್ತಾ ಇದೀನಿ, ನನ್ನ ಮಗಳು ಅವಳೂರಿಗೆ ಬಾ ಅಂತಾಳೆ, ಸೋಮವಾರ ಹೊರಟೆ. ಆಮೇಲೆ ಯಂತ್ರದ ಕಡೆ ಗಲ್ಲ ತಿರುಗಿಸಿ — ಇದು ದೀಪದ ರೋಗ ಅನ್ಸುತ್ತೆ, ಈ ದೀಪ ಈಗ ಸಿಗಲ್ಲ. ಮಗಳು ತಲೆಯಾಡಿಸಿದಳು. ಹಾಗಾದ್ರೆ ಶನಿವಾರ ಕೊಟ್ಟುಬಿಡೋದೇ.

ಗುರುವಾರ ಬೆಳಗ್ಗೆ ಟಾರ್ಚು ತಮ್ಮ ಸಾಮಾನು ಒಯ್ಯಲೆಂದು ಬಂದು ಚೀಲಕ್ಕೆ ತುಂಬುತ್ತಿದ್ದರು, ಮಗಳು ಮೇಜು ಖಾಲಿ ಮಾಡುತ್ತಿದ್ದಳು, ನಾನು ಕಿಟಕಿಯ ಕುರ್ಚಿಯಿಂದ ಏಳದೆ ಹೇಳಿದೆ, ಗೆರೆ ಮೊನ್ನೆದಲ್ಲ. ಏನಂದ್ರಿ ಚಿಕ್ಕಮ್ಮ? ಗೆರೆ ಮೊನ್ನೆದಲ್ಲ ಮಗಾ, ಹನ್ನೊಂದು ವಾರ ಆಯ್ತು, ನಾನೇ ತುಂಬ್ತಾ ಬಂದೆ. ಅವಳು ಕೈಯಲ್ಲಿದ್ದ ಫೈಲು ಮೇಜಿನ ಮೇಲೆ ಇಟ್ಟಳು. ಕಪಾಟಿನಿಂದ ಇನ್ನೂ ಗಿರಾಕಿಗಳು ಒಯ್ಯದ ಪ್ರಿಂಟುಗಳನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು, ಭಾವನ ಭೂತಗನ್ನಡಿ ಕಣ್ಣಿಗೆ ಒತ್ತಿಕೊಂಡು, ಒಂದು, ಎರಡು, ಎಂಟು, ಹತ್ತು, ಓರೆ ಮಾಡಿ, ನೇರ ಮಾಡಿ, ನಾನು ಬೈಗುಳಕ್ಕೆ ಕಾಯುತ್ತಿದ್ದೆ, ಬರಬೇಕಾದದ್ದೇ, ಸ್ಟುಡಿಯೋದ ಹೆಸರು ಹಾಳು ಮಾಡಿದವಳು ನಾನು — ಎಲ್ಲಿದೆ ಚಿಕ್ಕಮ್ಮ ಗೆರೆ, ನನಗೆ ಒಂದರಲ್ಲೂ ಸಿಗ್ತಿಲ್ಲ. ದನಿ ಒಂಥರಾ ಇತ್ತು, ಸಿಟ್ಟೋ ಇನ್ನೇನೋ. ಆಮೇಲೆ ಸಿಟ್ಟೂ ಬಂತು ಪಾಪ, ಕೈಯಲ್ಲಿ ಇಷ್ಟು ಹೇಳ್ತೀರ, ಬಾಯಲ್ಲಿ ಒಂದು ಮಾತು ಹೇಳಕ್ಕೆ ಏನಾಗಿತ್ತು ನಿಮಗೆ, ನಾನೇನು ಹುಲಿನಾ? ಹುಲಿಯಲ್ಲ, ಭಾವನ ಮಗಳು, ಅದಕ್ಕೇ ಹೆದರಿದೆ ಎಂದು ಹೇಳಲು ಹೋದೆ, ಅಷ್ಟರಲ್ಲಿ ಟಾರ್ಚು ಚೀಲ ಕೆಳಗಿಟ್ಟು ನನ್ನ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತರು. ಅಕ್ಕಾ, ನಿಧಾನಕ್ಕೆ ಹೇಳಿ, ಮೊದಲನೇ ದಿನ ಎಷ್ಟು ದಪ್ಪ ಇತ್ತು? ಕೂದಲೆಳೆಗಿಂತ ತೆಳು. ಈಗ? ಅಷ್ಟೇ. ಜಾಗ? ಎಡದಿಂದ ಎರಡು ಬೆರಳು. ಒಂದಿನಾನೂ ಅತ್ತಿತ್ತ ಆಗಿಲ್ವಾ? ಇಲ್ಲ, ಇನ್ನೂರು ಸಲ ತುಂಬಿದೀನಿ, ನನ್ನ ಕೈಗೇ ಗೊತ್ತು. ಅವರು ತೊಡೆ ತಟ್ಟಿಕೊಂಡರು — ದೀಪದ ರೋಗ ಆಗಿದ್ರೆ ದಿನಾ ಬೆಳೀಬೇಕಿತ್ತು ಮಗಳೇ, ಹನ್ನೊಂದು ವಾರ ಕೂತಲ್ಲೇ ಕೂತಿದೆ ಅಂದ್ರೆ ಇದು ರೋಗ ಅಲ್ಲ, ಕೊಳೆ. ಅಕ್ಕಾ, ಅದರ ಹಿಂದಿನ ದಿನ ಯಂತ್ರದ ಹತ್ರ ಏನಾಯ್ತು, ನೆನಪು ಮಾಡ್ಕೊಳ್ಳಿ. ನೆನಪು ಮಾಡಿಕೊಳ್ಳುವುದೇನು, ಮರೆತಿದ್ದರಲ್ಲವೇ, ಹಿಂದಿನ ದಿನ ಮೇಜಿನ ತುಂಬ ಪ್ರಿಂಟು ಒಣಗಲು ಹಾಕಿದ್ದೆ, ಜಾಗ ಇಲ್ಲದೆ ಬಣ್ಣದ ಬಟ್ಟಲನ್ನು ಯಂತ್ರದ ಗಾಜಿನ ಅಂಚಿನ ಮೇಲೇ ಇಟ್ಟುಕೊಂಡು ಟಚಿಂಗ್ ಮಾಡಿದ್ದೆ, ಕುಂಚ ಝಾಡಿಸಿದ್ದೆ, ಗಾಜನ್ನು ಒರೆಸಿಯೂ ಇದ್ದೆ. ಹೇಳುತ್ತ ಹೇಳುತ್ತಲೇ ಕಿವಿ ಬಿಸಿಯಾಯಿತು. ನನ್ನದೇ ಬಣ್ಣ, ಗಾಜಿನ ಅಂಚಿನ ಸಂದಿಯಲ್ಲಿ ಒಳಗೆ ಇಳಿದಿರಬೇಕು. ಹನ್ನೊಂದು ವಾರ ನನ್ನದೇ ಕುಂಚದ ಕಲೆಯನ್ನು ಅದೇ ಕುಂಚದಿಂದ ಮುಚ್ಚುತ್ತ ಕೂತಿದ್ದೆನಲ್ಲ, ಎಂಥ ಪೆದ್ದಿ, ನಗು ಬಂತು, ಮಗಳೂ ನಕ್ಕಳು, ಅವಳು ನಕ್ಕಿದ್ದಕ್ಕೆ ನನ್ನ ಕಣ್ಣು ಒದ್ದೆಯಾಯಿತು.

ಟಾರ್ಚು ಗಾಜಿನ ಚೌಕಟ್ಟನ್ನೇ ಎತ್ತಿದರು, ಒಡೆದರೆ ಮುಗಿಯಿತು ಎಂದು ಬುಧವಾರ ಮುಟ್ಟದೆ ಬಿಟ್ಟದ್ದು, ಮಗಳು ಆ ಕಡೆ ನಾನು ಈ ಕಡೆ ಹಿಡಿದೆವು, ಮಗುಚಿದರೆ ಅಂಚಿನ ಕೆಳಗೆ ಅಡ್ಡಲಾಗಿ ಒಂದು ಬಿಳಿ ಪಟ್ಟಿ, ಅಪ್ಪಟ ಬಿಳಿ, ಅಂಥ ಬಿಳಿಯನ್ನು ನಾನು ಯಾವ ಕಾಗದದಲ್ಲೂ ನೋಡಿಲ್ಲ. ಏನಿದು ಎಂದೆ. ದೀಪ ಪ್ರತಿ ಸಲ ಹೊರಡೋ ಮುಂಚೆ ಇದನ್ನ ನೋಡ್ಕೊಳ್ಳುತ್ತೆ ಅಕ್ಕಾ, ಬಿಳಿ ಅಂದ್ರೆ ಇದು ಅಂತ ಮನಸ್ಸಲ್ಲಿ ಇಟ್ಕೊಂಡು ಆಮೇಲೆ ಫೋಟೋ ನೋಡಕ್ಕೆ ಹೋಗುತ್ತೆ, ಇದರ ಮೇಲೆ ಚುಕ್ಕೆ ಕೂತ್ರೆ ಆ ಜಾಗದಲ್ಲಿ ಅದರ ಅಂದಾಜು ತಪ್ಪುತ್ತೆ, ಕಪ್ಪನ್ನೂ ಬಿಳಿ ಮಾಡುತ್ತೆ. ಪ್ರತಿ ಸಲವೂ? ಪ್ರತಿ ಸಲವೂ. ಇಷ್ಟು ವರ್ಷ ಪಕ್ಕದಲ್ಲೇ ಕೂತು ನನಗೆ ಗೊತ್ತಿರಲಿಲ್ಲ, ಎಷ್ಟು ಸಾವಿರ ಸಲ ಹೊರಟಿದೆಯೋ, ಒಂದು ಸಲವೂ ನನಗೆ ಗೊತ್ತು ಬಿಡು ಎಂದು ಹಾಗೇ ಹೊರಟಿಲ್ಲ, ಭಾವನೂ ಹಾಗೇ, ನಲವತ್ತು ವರ್ಷ ಆದ ಮೇಲೂ ಫೋಟೋ ತೆಗೆಯುವ ಮುಂಚೆ ಬಿಳಿ ಕರವಸ್ತ್ರವನ್ನು ಗಿರಾಕಿಯ ಗಲ್ಲದ ಹತ್ತಿರ ಹಿಡಿದು ಬೆಳಕು ನೋಡುತ್ತಿದ್ದರು. ಬಿಳಿ ಪಟ್ಟಿಯ ಮೇಲೆ ಸಾಸಿವೆಗಿಂತ ಸಣ್ಣ ಒಂದು ಬೂದಿ ಚುಕ್ಕೆ. ಟಾರ್ಚು ಅದನ್ನು ತೆಗೆಯಲು ಕೈ ಚಾಚಿದರು, ಕೈ ನಡುಗಿತು, ಹಿಂದಕ್ಕೆ ತೆಗೆದುಕೊಂಡರು, ಇನ್ನೊಂದು ಕೈಯಿಂದ ಮಣಿಕಟ್ಟು ಒತ್ತಿ ಹಿಡಿದು ಮತ್ತೆ ಚಾಚಿದರು, ಪಟ್ಟಿಗೆ ಗೀರು ಬಿದ್ದರೆ ಗೆರೆ ಜನ್ಮಕ್ಕೆ ಹೋಗುವುದಿಲ್ಲ, ಅದು ಅವರಿಗೂ ಗೊತ್ತು, ನಿಲ್ಲಿಸಿದರು. ನನ್ನ ಕಡೆ ನೋಡಿದರು. ಅಕ್ಕಾ, ನನ್ನ ಕೈಯಲ್ಲಿ ಆಗಲ್ಲ. ನಿಮ್ಮ ಕೈಯಲ್ಲಿ ಆಗುತ್ತೆ. ಎಂಥ ಮಾತು, ಐವತ್ತು ವರ್ಷ ಊರಿನ ಯಂತ್ರಗಳನ್ನೆಲ್ಲ ಬದುಕಿಸಿದ ಮನುಷ್ಯ, ಮುಖದಲ್ಲಿ ಸಂಕೋಚವೇ ಇಲ್ಲದೆ, ಸ್ಕ್ರೂಡ್ರೈವರ್ ಕೊಡಿ ಎನ್ನುವ ಹಾಗೆ ಅಷ್ಟು ಸರಾಗವಾಗಿ ಅಂದರು. ನನಗೆ ಆ ಧೈರ್ಯಕ್ಕೆ ಹನ್ನೊಂದು ವಾರ ಹಿಡಿದಿತ್ತು. ಹೊಸ ಕುಂಚ ತೆಗೆದೆ, ನೀರಿಗೆ ತುದಿ ಮಾತ್ರ ತಾಗಿಸಿ, ಬಟ್ಟೆಗೆ ಒತ್ತಿ, ಬಾಗಿದೆ, ಅವರು ಪಕ್ಕದಲ್ಲಿ ಮಂಡಿಯೂರಿ ಟಾರ್ಚನ್ನು ಹಲ್ಲಿಗೆ ಕಚ್ಚಿ ಬಾಗಿದರು, ಪಟ್ಟಿಯ ಮೇಲೆ ಬೆಳಕು ಬಿತ್ತು, ನಾನು ಚುಕ್ಕೆಯನ್ನು ಮುಟ್ಟಿದೆ, ನೆನೆಸಿದೆ, ಎತ್ತಿದೆ, ಒಣ ಕುಂಚ, ಮತ್ತೆ ಮುಟ್ಟಿದೆ, ಎತ್ತಿದೆ, ಜೀವಮಾನವೆಲ್ಲ ಬಣ್ಣ ಇಟ್ಟವಳು ಬಣ್ಣ ತೆಗೆದದ್ದು ಅದೇ ಮೊದಲು. ಊಊ ಎಂದರು ಟಾರ್ಚು. ಬಿಳಿಯಾಯಿತು.

ಓಡಿಸಿದಾಗ ಗೆರೆ ಇರಲಿಲ್ಲ. ಅಷ್ಟಕ್ಕೇ ಮುಗಿಯಲಿಲ್ಲ, ಟಾರ್ಚು ಸುಳ್ಳು ಹೇಳುವವರಲ್ಲ, ಮಗಳೇ, ಕೊಳೆ ಹೋಯ್ತು, ವಯಸ್ಸು ಹೋಗಲ್ಲ, ಇದು ಇನ್ನೊಂದು ವರ್ಷ ಓಡಬಹುದು ಎರಡು ವರ್ಷ ಓಡಬಹುದು, ಆಮೇಲೆ ನಾನೂ ಇರಲ್ಲ, ಹೊಸದು ತಗೊಂಡ್ರೆ ತಪ್ಪಲ್ಲ ಅಂದೇಬಿಟ್ಟರು. ನಾನು ಬಾಯಿ ಬಿಡಲಿಲ್ಲ, ಈ ಸಲ ಮುಚ್ಚಿಡಲಿಕ್ಕಲ್ಲ, ನಿರ್ಧಾರ ಅವಳದು. ಶುಕ್ರವಾರ ಪೂರ್ತಿ ಅವಳು ಅತ್ತಿಂದಿತ್ತ ಓಡಾಡಿದಳು. ಸಂಜೆ ನಾಲ್ಕರ ಹೊತ್ತಿಗೆ ಹಿಂದಿನ ಕೋಣೆಗೆ ಹೋಗಿ ಕೈಗೆ ಸಿಕ್ಕ ಒಂದು ಡಬ್ಬಿ ತಂದು, ಒಂದು ನೆಗೆಟಿವ್ ತೆಗೆದು, ನೋಡೋಣ ಇದನ್ನ ಸರಿಯಾಗಿ ಓದುತ್ತಾ ಎಂದು ಗಾಜಿನ ಮೇಲೆ ಇಡಲು ಹೋದಳು, ಕಿಟಕಿಯ ಬೆಳಕಿಗೆ ಅದು ಒಂದು ಗಳಿಗೆ ಅಡ್ಡ ಬಂತು, ಕಪ್ಪು ಮುಖ, ಬಿಳಿ ಕೂದಲು, ಮೂರು ಸಾಲು ಜನ — ಇದು ಬಟ್ಟೆ ಗಿರಣಿಯವರದು, ನನ್ನ ಬಾಯಿಂದ ಬಂತು, ಮೇಲಿನ ಸಾಲು ಎಡಗಡೆಯವನು ಬಾಯ್ಲರ್ ನೋಡ್ಕೊಳ್ತಿದ್ದ, ಪಕ್ಕದವನು ಅವನ ಬಾಮೈದ, ಇಬ್ಬರಿಗೂ ಮಾತಿಲ್ಲ, ಅದಕ್ಕೇ ನೋಡು ನಡುವೆ ಒಂದಾಳು ಜಾಗ, ಆ ಕೂತಿರೋ ಹೆಂಗಸು ನೂಲು ಬಿಡಿಸೋದರಲ್ಲಿ ಎತ್ತಿದ ಕೈ, ಫೋಟೋ ದಿನ ಚಪ್ಪಲಿ ಹರಿದು ನಿನ್ನಮ್ಮಂದು ಹಾಕ್ಕೊಂಡಿದ್ಲು, ತುದಿಯಲ್ಲಿರೋನು ಮ್ಯಾನೇಜರು, ನಗಬೇಡಿ ಅಂತ ಎಲ್ಲರಿಗೂ ಹೇಳಿ ತಾನೇ ನಕ್ಕುಬಿಟ್ಟ. ಮಗಳು ನೆಗೆಟಿವನ್ನು ಹಾಗೇ ಎತ್ತಿ ಹಿಡಿದಿದ್ದಳು. ಚಿಕ್ಕಮ್ಮ, ಇನ್ನೂ ಸ್ಕ್ಯಾನೇ ಮಾಡಿಲ್ಲ, ಇದರಲ್ಲಿ ಯಾರು ಯಾರು ಅಂತ ನಿಮಗೆ ಹೇಗೆ ಗೊತ್ತು? ಗೊತ್ತಿರದೆ ಏನು, ಪ್ರಿಂಟಿಗೂ ಮುಂಚೆ ನಾನು ಅವರನ್ನು ಹೀಗೇ ತಾನೆ ನೋಡಿದ್ದು. ಅವಳು ಇನ್ನೊಂದು ತೆಗೆದಳು, ಹೇಳಿದೆ, ಇನ್ನೊಂದು, ಹೇಳಿದೆ, ಪುಸ್ತಕ ತಂದು ಬರೆದುಕೊಳ್ಳತೊಡಗಿದಳು, ಕತ್ತಲಾಗುವ ತನಕ, ಆಮೇಲೆ ಪೆನ್ನಿನ ಕ್ಯಾಪು ಹಾಕುತ್ತ, ಸರಿ ಹಾಗಾದ್ರೆ, ಇದೂ ಹೋಗೋ ಹಾಗಿಲ್ಲ, ನೀವೂ ಹೋಗೋ ಹಾಗಿಲ್ಲ, ದಿನಾ ಇಪ್ಪತ್ತು ನೆಗೆಟಿವ್, ದೀಪ ಇರೋತನಕ, ಮತ್ತೆ ಕೇಳಿ ಚಿಕ್ಕಮ್ಮ, ಗೆರೆ ಕಂಡ್ರೆ ಮೊದಲು ನನ್ನ ಕರೀಬೇಕು. ಶನಿವಾರ ಮಾರುವವರು ಎರಡಾಳು ಹೊರುವ ಪೆಟ್ಟಿಗೆ ತಂದರು, ಚಾ ಕುಡಿದು, ಪೆಟ್ಟಿಗೆ ಹೊತ್ತುಕೊಂಡೇ ವಾಪಸು ಹೋದರು, ಹೋಗುವಾಗ ಒಬ್ಬ ಇನ್ನೊಬ್ಬನಿಗೆ, ಹಳೇದರ ಮೇಲೆ ಅದೇನು ಮೋಹನೋ ಅಂದದ್ದು ಕೇಳಿಸಿತು. ಮೋಹ ಅಲ್ಲಪ್ಪ, ಕೆಲಸ ಬಾಕಿ ಇದೆ.

ದೀಪ ತುದಿ ಮುಟ್ಟಿತು, ವಾಪಸು ಬರುತ್ತಿದೆ, ಇವತ್ತಿನ ಏಳನೆಯದು, ಯಾವುದೋ ಶಾಲೆಯ ಜವಾನ, ಗಂಟೆಯ ಪಕ್ಕ ನಿಂತಿದ್ದಾನೆ, ಗಂಟೆ ಕರ್ರಗೆ, ಅವನು ಬೆಳ್ಳಗೆ, ಗುಂಡಿ ಒತ್ತಿದರೆ ತಿರುಗುಮುರುಗಾಗುತ್ತದೆ. ನಿನ್ನೆ ಟಾರ್ಚು ಬಂದು ಚೌಕಟ್ಟು ಎತ್ತುವುದನ್ನು ಕಲಿಸಿ ಹೋದರು, ಮೊದಲು ಹಿಂದಿನ ಎರಡು ಸ್ಕ್ರೂ, ಆಮೇಲೆ ಮುಂದಿನದು, ಗಾಜಿಗೆ ಬಾಯಿಂದ ಊದಬೇಡಿ ಅಕ್ಕಾ, ಹನಿ ಒಳಗೆ ಹೋಗುತ್ತೆ, ಎರಡು ಸಲ ನನ್ನಿಂದ ಬಿಚ್ಚಿಸಿ ಎರಡು ಸಲ ಜೋಡಣೆ ಮಾಡಿಸಿದರು. ಆ ಟಾರ್ಚು ಬಿಟ್ಟು ಹೋಗ್ತೀರಾ ಎಂದು ಮಗಳು ಕೇಳಿದಳು. ಎಂಜಲದು ಮಗಳೇ, ಹೊಸದು ತಗೋ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡು ಇಳಿದರು, ಗೋಡೆಯ ಮೇಲೂ ಆ ಬೆರಳುಗಳು ನಡುಗುತ್ತಿದ್ದವು. ಎಂಟನೆಯದನ್ನು ಇಡಬೇಕು, ಇಡುತ್ತೇನೆ, ಹತ್ತೂಕಾಲು, ಅವರ ಬಸ್ಸು ಹತ್ತಕ್ಕೆ, ಊರು ದಾಟಿರುತ್ತದೆ, ಕಿಟಕಿ ಪಕ್ಕ ಕೂತಿದ್ದಾರೋ ಇಲ್ಲವೋ, ತೊಡೆಯ ಮೇಲೆ ಆ ಎರಡು ಕೈ — ಗುರುವಾರ ನನ್ನ ಪಕ್ಕ ಮಂಡಿಯೂರಿದಾಗಲೂ ಅವು ನಡುಗುತ್ತಲೇ ಇದ್ದವು, ಮೊಣಕಾಲಿಗೆ ತಾಗಿ ಟಪಟಪ ಸದ್ದು, ಉಸಿರು ಕೂಡ ಮೇಲೆ ಕೆಳಗೆ, ನಾನು ಕುಂಚ ಎತ್ತಿ ಕಾಯುತ್ತಿದ್ದೆ ಬೆಳಕು ಅಲ್ಲಾಡೀತು ಎಂದು, ಅಲ್ಲಾಡಲಿಲ್ಲ, ಹಲ್ಲು ಕಚ್ಚಿ ಹಿಡಿದಿದ್ದರು, ಸೋಮವಾರ ಹೊರಟೆ ಅಂದಿದ್ದರು, ಸೋಮವಾರವೇ ಹೊರಟರು, ಎಂಟನೆಯದು ಇನ್ನೂ ಕೈಯಲ್ಲೇ ಇದೆ, ಬಿಳಿ ಪಟ್ಟಿಯ ಮೇಲೆ ಅವತ್ತಿನ ಟಾರ್ಚಿನ ಆ ದುಂಡನೆಯ ಬೆಳಕು, ಹುಣಿಸೆಬೀಜದಷ್ಟು, ನಿಂತಲ್ಲೇ ನಿಂತು —